ಇಲಿ ಒತಿ

ನಮ್ಮ ಆಫೀಸಿನಲ್ಲಿ ಒಂದು ಕಬ್ಬಿಣದ ಬೀರು ಇತ್ತು, ಅದರ ಬೀಗದಕೈ ಸದಾ ನನ್ನ ಹತ್ತಿರವೇ ಇರುತ್ತಿತ್ತು ಎಂದರೆ ಹಳೆಯ ಕಾಲದ ತುಂಬಿದ ಮನೆಯ ಅತ್ತೆಯೊಬ್ಬಳು ನಿಮ್ಮ ಕಣ್ಣ ಮುಂದೆ ಬಂದಾಳು. ತಪ್ಪೇನಿಲ್ಲ, ಕೆಲಸವೂ ಹೆಚ್ಚುಕಡಿಮೆ ಅದೇ. ನಾನು ಟೆಸ್ಟರ್. ಬೇರೆಯವರು ಮಾಡಿಟ್ಟ ಅಡುಗೆಗೆ ಬೆರಳದ್ದಿ, ಉಪ್ಪು ಸಾಲದು, ಹುಳಿ ಮುಂದು ಎಂದು ಹೇಳುವುದಕ್ಕೇ ಸಂಬಳ ತೆಗೆದುಕೊಳ್ಳುವವಳು. ನಮ್ಮ ಮನೆ ಓನರ್ ಆಂಟಿಗೆ ಇದನ್ನೊಮ್ಮೆ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಮೂವತ್ತು ವರ್ಷದಿಂದ ಬಿಟ್ಟಿ ಮಾಡ್ತಿದೀನಲ್ಲಮ್ಮಾ” ಎಂದು ನಿಟ್ಟುಸಿರು ಬಿಟ್ಟರು.

ಬೀರುವಿನಲ್ಲಿ ಒಡವೆ ಇರಲಿಲ್ಲ, ಫೋನುಗಳಿದ್ದವು. ಮೂವತ್ತೇಳು. ಪ್ರತಿಯೊಂದರ ಬೆನ್ನಿಗೂ ಉಗುರುಬಣ್ಣದಲ್ಲಿ ನಂಬರು. ಯಾರು ಯಾವುದನ್ನು ಒಯ್ದರು ಎಂದು ಬರೆಯಲು ಉದ್ದನೆಯ ರಿಜಿಸ್ಟರು. ಅದರಲ್ಲಿ ‘ತೆಗೆದುಕೊಂಡ ಹೊತ್ತು’ ಎಂಬ ಕಾಲಂ ತುಂಬಿರುತ್ತಿತ್ತು, ‘ಹಿಂತಿರುಗಿಸಿದ ಹೊತ್ತು’ ಎಂಬುದು ಬ್ರಹ್ಮಚಾರಿಯ ಮನೆಯಂತೆ ಖಾಲಿ ಇರುತ್ತಿತ್ತು. ಸೋಮವಾರ ಬೆಳಿಗ್ಗೆ ಬಂದವಳೇ ಒಂದೊಂದಕ್ಕೂ ಚಾರ್ಜರು ಸಿಕ್ಕಿಸುತ್ತಾ ಹೋಗುವುದು ಕಾರ್ತಿಕದ ದೀಪ ಹಚ್ಚಿದ ಹಾಗೆ. ಕೊನೆಯದನ್ನು ಹಚ್ಚುವ ಹೊತ್ತಿಗೆ ಮೊದಲಿನದು ಆರಿರುತ್ತಿತ್ತು, ಯಾಕೆಂದರೆ ಅಷ್ಟರಲ್ಲಿ ಯಾರೋ ಆ ಪ್ಲಗ್ಗನ್ನು ಕಿತ್ತು ತಮ್ಮ ಲ್ಯಾಪ್‌ಟಾಪಿನದನ್ನು ಚುಚ್ಚಿರುತ್ತಿದ್ದರು. ಹದಿನಾಲ್ಕನೇ ನಂಬರಿನ ಫೋನಿನ ಬ್ಯಾಟರಿ ಒಂದು ಬೇಸಿಗೆಯಲ್ಲಿ ಪೂರಿಯಂತೆ ಉಬ್ಬಿತು. ಅದನ್ನು ಬಿಸಾಡುವುದು ಹೇಗೆಂದು ಗೊತ್ತಾಗದೆ ಮೂರು ತಿಂಗಳು ಎಲ್ಲರೂ ಅದಕ್ಕೆ ದೂರದಿಂದಲೇ ಮರ್ಯಾದೆ ಕೊಟ್ಟೆವು.

ಇಷ್ಟೊಂದು ಫೋನು ಯಾಕೆ ಎಂದು ಆಡಿಟರು ಪ್ರತಿ ವರ್ಷ ಕೇಳುತ್ತಿದ್ದರು. ಒಂದೇ ಆ್ಯಪು ಒಂದೊಂದು ಫೋನಿನಲ್ಲಿ ಒಂದೊಂದು ಅವತಾರ ಎತ್ತುತ್ತದೆ ಸಾರ್, ಎಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ. 2015ರಲ್ಲಿ ಓಪನ್‌ಸಿಗ್ನಲ್ ಎಂಬ ಕಂಪನಿ ತನ್ನ ಆ್ಯಪನ್ನು ಇಳಿಸಿಕೊಂಡ ಆಂಡ್ರಾಯ್ಡ್ ಸಾಧನಗಳನ್ನು ಎಣಿಸಿ ನೋಡಿದಾಗ 24,093 ಬೇರೆಬೇರೆ ಮಾದರಿಗಳು ಸಿಕ್ಕಿದ್ದವು. ಅದರ ಮುಂದೆ ನನ್ನ ಮೂವತ್ತೇಳು, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಈ ಲೆಕ್ಕವನ್ನು ಆಡಿಟರಿಗೆ ತೋರಿಸಿದ್ದೇ ತಪ್ಪಾಯಿತು. “ಹಾಗಾದರೆ ಮೂವತ್ತೇಳು ಇದ್ದರೂ ಪ್ರಯೋಜನವಿಲ್ಲ ಅಂತಾಯ್ತಲ್ಲ” ಎಂದು ಬರೆದುಕೊಂಡು ಹೋದರು.

ಫೋನುಗಳ ಕಾಟಕ್ಕೂ ಮೊದಲು ಬ್ರೌಸರುಗಳ ಕಾಟವಿತ್ತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಇನ್ನೂ ಗಟ್ಟಿಮುಟ್ಟಾಗಿತ್ತು. 2001ರಲ್ಲಿ ಹುಟ್ಟಿದ್ದು ಅದು. ಬ್ಯಾಂಕುಗಳು, ಸರ್ಕಾರಿ ಕಚೇರಿಗಳು ಅದನ್ನು ಬಿಡಲೊಲ್ಲವು. ಕೊನೆಗೆ ಹೆತ್ತ ಮೈಕ್ರೋಸಾಫ್ಟೇ 2011ರಲ್ಲಿ, ಅದನ್ನು ಜಗತ್ತಿನಲ್ಲಿ ಇನ್ನೂ ಎಷ್ಟು ಜನ ಬಳಸುತ್ತಿದ್ದಾರೆಂದು ಎಣಿಸಿ ತೋರಿಸುವ ಒಂದು ಜಾಲತಾಣ ಮಾಡಿ, ದಯವಿಟ್ಟು ಬಿಡಿ ಎಂದು ಬೇಡಿಕೊಂಡಿತು. ಒಂದೇ ಕಂಪ್ಯೂಟರಿನಲ್ಲಿ 6 ಮತ್ತು 7 ಎರಡನ್ನೂ ಸರಿಯಾಗಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಓರಗಿತ್ತಿಯರಂತೆ ಅವಕ್ಕೆ ಬೇರೆಬೇರೆ ಒಲೆ ಬೇಕು. ಹಾಗಾಗಿ ಮೂಲೆಯಲ್ಲೊಂದು ಹಳೆಯ ಕಂಪ್ಯೂಟರನ್ನು 6ಕ್ಕೆಂದೇ ಮೀಸಲಿಟ್ಟು, ಅದರ ಹಣೆಗೆ ‘ಅಪ್‌ಡೇಟ್ ಮಾಡಬೇಡಿ’ ಎಂದು ಚೀಟಿ ಅಂಟಿಸಿದ್ದೆವು. ಒಂದು ಶನಿವಾರ, ಹೊಸದಾಗಿ ಸೇರಿದ ಸಿಸ್ಟಮ್ ಅಡ್ಮಿನ್ ಹುಡುಗ ಕಟ್ಟಡದ ಎಲ್ಲ ಕಂಪ್ಯೂಟರುಗಳನ್ನೂ ಅಪ್‌ಡೇಟ್ ಮಾಡಿದ. ಚೀಟಿ ಕನ್ನಡದಲ್ಲಿತ್ತು, ಅವನು ಕಾನ್ಪುರದವನು.

ಬ್ರೌಸರುಗಳ ವಿಷಯ ಬಂದಾಗ ಅವುಗಳ ಪ್ರವರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಪ್ರತಿ ಬ್ರೌಸರೂ ಒಂದು ಜಾಲತಾಣದ ಬಾಗಿಲು ತಟ್ಟುವಾಗ ತಾನು ಯಾರೆಂದು ಒಂದು ಸಾಲಿನಲ್ಲಿ ಹೇಳಿಕೊಳ್ಳುತ್ತದೆ. ಕ್ರೋಮ್ ತನ್ನನ್ನು ಹೇಗೆ ಹೇಳಿಕೊಳ್ಳುತ್ತದೆ ಗೊತ್ತೆ? ಮೊದಲು ‘ಮೊಜಿಲ್ಲಾ’ ಎನ್ನುತ್ತದೆ. ಆಮೇಲೆ ‘ಆ್ಯಪಲ್ ವೆಬ್‌ಕಿಟ್’ ಎನ್ನುತ್ತದೆ. ‘ಕೆಎಚ್‌ಟಿಎಂಎಲ್, ಗೆಕೋ ತರಹದ್ದು’ ಎನ್ನುತ್ತದೆ. ಆಮೇಲೆ ಮೆಲ್ಲಗೆ ‘ಕ್ರೋಮ್’ ಎಂದು, ಯಾವುದಕ್ಕೂ ಇರಲಿ ಎಂದು ಕೊನೆಯಲ್ಲಿ ‘ಸಫಾರಿ’ಯನ್ನೂ ಸೇರಿಸುತ್ತದೆ. ತೊಂಬತ್ತರ ದಶಕದ ನಡುವೆ ನೆಟ್‌ಸ್ಕೇಪ್ ಬ್ರೌಸರಿನ ಮನೆಹೆಸರು ಮೊಜಿಲ್ಲಾ. ಚೆಂದದ ಪುಟಗಳನ್ನು ಜಾಲತಾಣಗಳು ಮೊಜಿಲ್ಲಾ ಎಂದವರಿಗೆ ಮಾತ್ರ ಬಡಿಸುತ್ತಿದ್ದವು. ಪಂಕ್ತಿಯಲ್ಲಿ ಕೂರಬೇಕೆಂದರೆ ಮೈಕ್ರೋಸಾಫ್ಟಿನ ಬ್ರೌಸರೂ ನಾನೂ ಮೊಜಿಲ್ಲಾ ಎನ್ನಬೇಕಾಯಿತು. ಮುಂದೆ ಬಂದವರೆಲ್ಲ ಹಿಂದಿನವರ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡೇ ಬಂದರು. ನೆಟ್‌ಸ್ಕೇಪ್ ತೀರಿಕೊಂಡು ಎಷ್ಟೋ ಕಾಲವಾಯಿತು, ಶ್ರಾದ್ಧ ಮಾತ್ರ ದಿನಕ್ಕೆ ಕೋಟ್ಯಂತರ ಸಲ ನಡೆಯುತ್ತಿದೆ.

ಐಫೋನಿನದು ಇದಕ್ಕೆ ತಿರುಗುಮುರುಗು. ಅದರಲ್ಲಿ ಕ್ರೋಮ್ ಹಾಕಿಕೊಳ್ಳಿ, ಫೈರ್‌ಫಾಕ್ಸ್ ಹಾಕಿಕೊಳ್ಳಿ, ಒಳಗೆ ಕೆಲಸ ಮಾಡುವುದು ಸಫಾರಿಯ ವೆಬ್‌ಕಿಟ್ಟೇ. ಯೂರೋಪಿನ ಒಕ್ಕೂಟದ ಕಾನೂನು 2024ರಲ್ಲಿ ಅಲ್ಲಿಯ ಮಟ್ಟಿಗೆ ಆ ಬಾಗಿಲು ತೆಗೆಸಿತು. ನಮ್ಮಲ್ಲಿ ಇನ್ನೂ ಬೋರ್ಡು ಮೂರು, ಅಡುಗೆಮನೆ ಒಂದೇ. ಇದು ಗೊತ್ತಿಲ್ಲದ ಮ್ಯಾನೇಜರೊಬ್ಬರು ಐಫೋನಿನ ಮೂರೂ ಬ್ರೌಸರಿನಲ್ಲಿ ಒಂದೇ ಬಗ್ ಬಂದದ್ದು ಕಂಡು, ಪರೀಕ್ಷೆ ಎಷ್ಟು ಶಿಸ್ತಿನಿಂದ ನಡೆದಿದೆ ಎಂದು ನನ್ನನ್ನು ಮೀಟಿಂಗಿನಲ್ಲಿ ಹೊಗಳಿದ್ದರು. ನಾನು ತಿದ್ದಲು ಹೋಗಲಿಲ್ಲ. ಅಪ್ರೈಸಲ್ ತಿಂಗಳು.

ಕೈಯಲ್ಲಿ ಒತ್ತಿ ಒತ್ತಿ ಬೆರಳು ಸವೆದವರಿಗೆ ಸೆಲೆನಿಯಂ ಬಂತು. 2004ರಲ್ಲಿ ಷಿಕಾಗೋದ ಥಾಟ್‌ವರ್ಕ್ಸ್ ಕಂಪನಿಯಲ್ಲಿ ಜೇಸನ್ ಹಗಿನ್ಸ್ ಮಾಡಿದ್ದು. ಮನುಷ್ಯರ ಬದಲು ಪ್ರೋಗ್ರಾಮೇ ಬ್ರೌಸರು ತೆರೆದು, ಗುಂಡಿ ಒತ್ತಿ, ಬಂದ ಉತ್ತರ ಸರಿಯೇ ಎಂದು ನೋಡುತ್ತದೆ. ಆಗ ಈ ವ್ಯಾಪಾರದಲ್ಲಿ ದೊಡ್ಡ ಕುಳ ಎಂದರೆ ಮರ್ಕ್ಯುರಿ ಎಂಬ ಕಂಪನಿ. ಮರ್ಕ್ಯುರಿ ಎಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯೇ ಆ ಹೆಸರಿನ ಮೂಲ. ತಮಾಷೆ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ ಆ ದಾರಿಯಲ್ಲಿ ಬೆಳೆದ ವೆಬ್‌ಡ್ರೈವರ್ 2018ರಲ್ಲಿ ಎಲ್ಲ ಬ್ರೌಸರುಗಳೂ ಪಾಲಿಸಬೇಕಾದ ಮಾನಕವೇ ಆಯಿತು. ಆದರೆ ಸೆಲೆನಿಯಂ ಇದ್ದರೂ ಓಡಿಸುವುದಕ್ಕೆ ಕಂಪ್ಯೂಟರು ಬೇಕಲ್ಲ, ಫೋನು ಬೇಕಲ್ಲ. ಅಲ್ಲಿಗೆ ಬಾಡಿಗೆಯವರು ಬಂದರು.

2008ರಲ್ಲಿ ಹಗಿನ್ಸರೂ ಸೇರಿ ಅಮೆರಿಕದಲ್ಲಿ ಸಾಸ್ ಲ್ಯಾಬ್ಸ್ ತೆರೆದರು. 2011ರಲ್ಲಿ ಮುಂಬಯಿಯಲ್ಲಿ ರಿತೇಶ್ ಅರೋರಾ ಮತ್ತು ನಕುಲ್ ಅಗರ್‌ವಾಲ್ ಬ್ರೌಸರ್‌ಸ್ಟ್ಯಾಕ್ ಶುರುಮಾಡಿದರು. 2015ರಲ್ಲಿ ಅಮೆಜಾನ್ ‘ಡಿವೈಸ್ ಫಾರ್ಮ್’ ಎಂದು ತಂದಾಗ ಅದರ ಹೆಸರನ್ನು ನಮ್ಮಪ್ಪನಿಗೆ ಹೇಳಿದೆ. “ಎಷ್ಟು ಎಕರೆ?” ಎಂದರು. ಎಕರೆ ಅಲ್ಲ, ಚೌಕಟ್ಟುಗಳಲ್ಲಿ ಸಾಲುಸಾಲಾಗಿ ಫೋನು ಜೋಡಿಸಿ, ಒಂದೊಂದಕ್ಕೂ ತಂತಿ ಕೊಟ್ಟು, ನಾವು ಇಲ್ಲಿ ಕೂತು ಬ್ರೌಸರಿನೊಳಗೆ ಅದರ ಮುಖ ನೋಡುತ್ತಾ ಅದನ್ನು ಒತ್ತಬಹುದು ಎಂದೆ. “ನೀರು ಹಾಯಿಸಲಿಕ್ಕಿಲ್ಲ ಅನ್ನು, ಒಳ್ಳೇದಾಯ್ತು” ಎಂದರು.

ನಾವು ಚಂದಾ ಕಟ್ಟಿದ ಸೇವೆ ಯಾವುದೆಂದು ಹೇಳುವುದಿಲ್ಲ. ಮನೆಯ ಜಗಳ ಬೀದಿಗೆ ತರಬಾರದು; ಅಲ್ಲದೆ ಎಲ್ಲ ಮನೆಗಳ ಜಗಳವೂ ಒಂದೇ ಎಂದು ಬೇರೆ ಕಂಪನಿಗಳ ಗೆಳತಿಯರು ಹೇಳುತ್ತಾರೆ. ಬೀರು ಖಾಲಿಯಾಯಿತು. ಬೀಗದಕೈ ಹೋಯಿತು, ಅದರ ಜೊತೆ ನನ್ನ ಅಧಿಕಾರವೂ ಸ್ವಲ್ಪ ಹೋಯಿತು.

ಒಳ್ಳೆಯದನ್ನು ಮೊದಲು ಹೇಳಬೇಕು. ನಮ್ಮ ವೃತ್ತಿಯಲ್ಲಿ ಒಂದು ಹಳೆಯ ಜಗಳವಿದೆ. ಟೆಸ್ಟರ್ ಬಗ್ ಬರೆಯುತ್ತಾಳೆ. ಡೆವಲಪರ್ ಕುರ್ಚಿ ತಿರುಗಿಸದೆಯೇ “ನನ್ನ ಮಷೀನಲ್ಲಿ ಓಡ್ತಿದೆಯಲ್ಲ” ಎನ್ನುತ್ತಾನೆ. ಆ ಮಾತಿಗೆ ಉತ್ತರವಿರಲಿಲ್ಲ. ಫೋನು ಒಯ್ದು ತೋರಿಸಲು ಹೋದರೆ, ಡಾಕ್ಟರ ಮುಂದೆ ಕೂತ ಕೂಡಲೆ ಹೊಟ್ಟೆನೋವು ಮಾಯವಾಗುವ ಶಾಲೆಯ ಹುಡುಗನಂತೆ, ಬಗ್ ಅವನ ಮುಂದೆ ಕಾಣಿಸುತ್ತಿರಲಿಲ್ಲ. ಬಾಡಿಗೆ ಫೋನು ಪ್ರತಿ ಸೆಷನ್ನಿನ ವೀಡಿಯೊ ಇಟ್ಟುಕೊಳ್ಳುತ್ತದೆ, ಯಾವ ಕ್ಷಣ ಏನು ಒತ್ತಿದೆ ಎಂದು ಬರೆದಿಡುತ್ತದೆ. ಈಗ ನಾನು ಮಾತಾಡುವುದೇ ಇಲ್ಲ, ಕೊಂಡಿ ಕಳಿಸುತ್ತೇನೆ. ಹತ್ತು ವರ್ಷ ಬಾಯಿಮಾತಿನಲ್ಲಿ ಸೋತವಳಿಗೆ ದಾಖಲೆಯಲ್ಲಿ ಗೆಲ್ಲುವ ಸುಖ ಎಂಥದ್ದೆಂದು ಜಮೀನಿನ ವ್ಯಾಜ್ಯ ಗೆದ್ದವರಿಗೆ ಗೊತ್ತು.

ಇನ್ನು ಉಳಿದದ್ದು. ನಮ್ಮ ಚಂದಾದಲ್ಲಿ ಒಂದೇ ಹೊತ್ತಿಗೆ ಐದು ಸೆಷನ್ ತೆರೆಯಬಹುದು. ನಾವು ಹನ್ನೊಂದು ಜನ. ನಾನು ಬಾಲ್ಯ ಕಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಹನ್ನೊಂದು ಮನೆ, ಒಂದು ನಲ್ಲಿ. ಆದ್ದರಿಂದ ನನಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಬೆಳಿಗ್ಗೆ ಬೇಗ ಬಂದು ಫೋನು ಹಿಡಿಯುವವರು, ಹಿಡಿದು ಬಿಡದವರು, ಬಿಂದಿಗೆ ಇಟ್ಟು ಕಾಫಿಗೆ ಹೋಗುವವರು, ಎಲ್ಲ ಅದೇ. “ಯಾರ್ರೀ ಇದು ಗ್ಯಾಲಕ್ಸಿ ತೆಗೆದಿಟ್ಟು ಊಟಕ್ಕೆ ಹೋಗಿರೋದು?” ಎಂದು ಗ್ರೂಪಿನಲ್ಲಿ ಮೆಸೇಜು ಬಂದರೆ ನನ್ನ ಕಿವಿಗೆ ಕೇಳುವುದು ನಾಲ್ಕನೇ ಮನೆಯ ಪದ್ದಕ್ಕನ ದನಿ. ವಠಾರದಲ್ಲಾದರೆ ಬಿಂದಿಗೆ ಸರಿಸಬಹುದಿತ್ತು. ಇಲ್ಲಿ ಕೆಲವು ನಿಮಿಷ ನೀವು ಏನೂ ಒತ್ತದಿದ್ದರೆ ಯಂತ್ರವೇ ಬಿಂದಿಗೆ ಒದೆಯುತ್ತದೆ. ನಲವತ್ತು ಹೆಜ್ಜೆ ಹಾಕಿ, ಲಾಗಿನ್ ಆಗಿ, ಬುಟ್ಟಿ ತುಂಬಿ, ಹಣ ಕಟ್ಟುವ ಪುಟಕ್ಕೆ ಬಂದು, ಅಷ್ಟರಲ್ಲಿ ಅಮ್ಮನ ಫೋನು ಬಂತೆನ್ನಿ, ಎಲ್ಲ ಮೊದಲಿನಿಂದ.

ಅಮ್ಮನ ಫೋನು ಬರುವುದು ಸಾಮಾನ್ಯವಾಗಿ ಫೋನಿನ ಬಗ್ಗೆಯೇ. “ಮೇಲ್ಗಡೆ ಮೂರು ಚುಕ್ಕೆ ಇದೆಯಾ? ಅದನ್ನ ಒತ್ತು” ಎನ್ನುತ್ತೇನೆ. ಅವಳು ಒತ್ತುತ್ತಾಳೆ. ಅವಳ ಒತ್ತು ಎಂದರೆ ಚಕ್ಕುಲಿ ಒತ್ತಿದ, ಶ್ಯಾವಿಗೆ ಒತ್ತಿದ ಒತ್ತು. ತೋಳಿನಿಂದ ಬರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಅದನ್ನು ದೀರ್ಘ ಒತ್ತು ಎಂದು ತಿಳಿದ ಫೋನು ಬೇರೆಯೇ ಪಟ್ಟಿ ತೆರೆದು ಕೂರುತ್ತದೆ. ನಾನು ಬೆಂಗಳೂರಿನಿಂದ “ಈಗೇನು ಕಾಣ್ತಿದೆ?” ಎನ್ನುವುದು, ಅಲ್ಲಿಂದ ಉತ್ತರ ಬರುವುದು, ಬರುವಷ್ಟರಲ್ಲಿ ಪರದೆ ಕಪ್ಪಾಗುವುದು. ಬಾಡಿಗೆ ಫೋನನ್ನು ಒತ್ತುವುದೂ ಇಂಥದೇ ವ್ಯವಹಾರ. ಇಲ್ಲಿ ಒತ್ತಿದ್ದು ಅಲ್ಲಿಗೆ ಹೋಗಿ, ಅಲ್ಲಿಯ ಚಿತ್ರ ಇಲ್ಲಿಗೆ ಬರಬೇಕು. ನಡುವಿನ ಅರೆಕ್ಷಣದಲ್ಲಿ, ಒತ್ತಿತೋ ಇಲ್ಲವೋ ಎಂದು ಇನ್ನೊಮ್ಮೆ ಒತ್ತಿದರೆ ಎರಡು ಆರ್ಡರು.

ಆ ಫೋನುಗಳಿಗೆ ಸಿಮ್ ಇಲ್ಲ, ಓಟಿಪಿ ನನ್ನ ಫೋನಿಗೆ ಬರುತ್ತದೆ. ಜಾಗವನ್ನು ಮಾತ್ರ ಬೇಕಾದ ಹಾಗೆ ಹೇಳಬಹುದು. ನಾನು ಕುರ್ಚಿ ಬಿಡದೆ ಒಂದು ಬೆಳಿಗ್ಗೆ ಬೀದರಿನಲ್ಲಿ ನಿಂತಿದ್ದೇನೆ, ಮಧ್ಯಾಹ್ನ ಕಾರವಾರದಲ್ಲಿ. ಎರಡೂ ಕಡೆ ನಮ್ಮ ಆ್ಯಪು ‘ನಿಮ್ಮ ಪ್ರದೇಶಕ್ಕೆ ಸೇವೆ ಲಭ್ಯವಿಲ್ಲ’ ಎಂದು ಸರಿಯಾಗಿ ಹೇಳಿ ಪಾಸಾಯಿತು. ಒಮ್ಮೆ ಕುತೂಹಲಕ್ಕೆ ಬಾಡಿಗೆ ಫೋನಿನ ಕ್ಯಾಮೆರಾ ತೆರೆದೆ. ಕತ್ತಲು. ಸ್ವಲ್ಪ ಹೊತ್ತಾದ ಮೇಲೆ ಒಂದು ಕೇಬಲ್ಲಿನ ಅಂಚು, ದೂರದಲ್ಲಿ ಒಂದು ನೀಲಿ ದೀಪ. ಆ ಫೋನು ಹುಟ್ಟಿದಾಗಿನಿಂದ ನೋಡಿದ ಜಗತ್ತು ಅಷ್ಟೇ ಇರಬೇಕು. ಪಾಪ ಅನ್ನಿಸಿ ಮುಚ್ಚಿದೆ.

ಒಬ್ಬರು ಬಿಟ್ಟ ಮೇಲೆ ಇನ್ನೊಬ್ಬರಿಗೆ ಕೊಡುವ ಮುಂಚೆ ಫೋನನ್ನು ಒರೆಸಿ ಚೊಕ್ಕಟ ಮಾಡುತ್ತಾರೆ. ಛತ್ರದ ಕೋಣೆಯ ಹಾಗೆ. ಆದರೂ ಛತ್ರದ ಕನ್ನಡಿಯಲ್ಲಿ ಯಾರೋ ಅಂಟಿಸಿ ಮರೆತ ಹಣೆಬೊಟ್ಟು ಇರುತ್ತದಲ್ಲ, ಹಾಗೆ ಒಂದು ದಿನ ನನಗೆ ಸಿಕ್ಕ ಫೋನಿನ ಕೀಲಿಮಣೆ ಪೋರ್ಚುಗೀಸ್ ಭಾಷೆಯಲ್ಲಿತ್ತು. ನಾನು ಬೆಲ್ಲ ಹುಡುಕಲು ಹೊರಟರೆ ಅದು ಬ್ರೆಜಿಲಿನದೋ ಲಿಸ್ಬನ್ನಿನದೋ ಪದಗಳನ್ನು ಮುಂದೆ ಚಾಚುತ್ತಿತ್ತು. ಅಲ್ಲೊಬ್ಬಳು ಟೆಸ್ಟರ್ ಇದ್ದಿರಬೇಕು; ಅವಳಿಗೂ ಊಟದ ಹೊತ್ತು ಮೀರಿರಬೇಕು. ನಿಯಮದ ಪ್ರಕಾರ ದೂರು ಕೊಡಬೇಕಿತ್ತು, ಕೊಡಲಿಲ್ಲ.

ರಾತ್ರಿಯ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುನ್ನೂರು ಓಡುತ್ತವೆ, ನಾಲ್ಕು ಬೀಳುತ್ತವೆ, ಬೆಳಿಗ್ಗೆ ಆ ನಾಲ್ಕನ್ನೇ ಮತ್ತೆ ಓಡಿಸಿದರೆ ಎದ್ದು ನಿಲ್ಲುತ್ತವೆ. ನಾವು ಇವನ್ನು ಫ್ಲೇಕಿ ಎನ್ನುತ್ತೇವೆ. ನೆಟ್‌ವರ್ಕಿನ ತಪ್ಪೋ, ಫೋನಿನದೋ, ನಮ್ಮದೋ, ಅಮಾವಾಸ್ಯೆಯದೋ, ಯಾರೂ ಪತ್ತೆಹಚ್ಚಲು ಹೋಗುವುದಿಲ್ಲ, ಹಸಿರಾಯಿತಲ್ಲ, ಸಾಕು.

ಹೀಗೆ ಎಲ್ಲ ಹಸಿರಾಗಿದ್ದ ಕಾಲದಲ್ಲಿಯೇ ಇಲಿ ಬಂದದ್ದು.

ನಮ್ಮದು ಆಗ ದಿನಸಿ ಸಾಮಾನಿನ ಆ್ಯಪು. ಮೊದಲು ಇಂಗ್ಲಿಷಿನಲ್ಲಿತ್ತು, ಆಮೇಲೆ ಕನ್ನಡವನ್ನೂ ಕೊಟ್ಟೆವು. ಕೊಟ್ಟ ಮೂರನೇ ವಾರ ಸಹಾಯವಾಣಿಗೆ ಒಬ್ಬ ಗ್ರಾಹಕರು ಫೋನು ಮಾಡಿದರು. ಬಸವನಗುಡಿಯ ಕಡೆಯ ಅಡುಗೆ ಕಂಟ್ರಾಕ್ಟರು. ಮದುವೆ, ಉಪನಯನಕ್ಕೆಲ್ಲ ನಮ್ಮಲ್ಲೇ ಸಾಮಾನು ತರಿಸುವ ದೊಡ್ಡ ಗಿರಾಕಿ. ಅವರು ಹೇಳಿದ್ದು, “ನಿಮ್ಮಲ್ಲಿ ಇಲಿ ಬರ್ತಾ ಇದೆಯಪ್ಪಾ, ಸ್ವಲ್ಪ ನೋಡಿ” ಎಂದು. ಸಹಾಯವಾಣಿಯ ಹುಡುಗನಿಗೆ ಕನ್ನಡ ಅಲ್ಪಸ್ವಲ್ಪ ಬರುತ್ತಿತ್ತು. ಅಲ್ಪಸ್ವಲ್ಪ ಬರುವುದರ ಅಪಾಯವೇ ಅದು, ಬರದಿದ್ದರೆ ಯಾರನ್ನಾದರೂ ಕೇಳುತ್ತಿದ್ದ. ‘ಗ್ರಾಹಕರು ಇಲಿ ಇದೆ ಎನ್ನುತ್ತಾರೆ’ ಎಂದು ಇಂಗ್ಲಿಷಿನಲ್ಲಿ ಬರೆದು, ವಿಭಾಗ: ನೈರ್ಮಲ್ಯ, ತುರ್ತು: ಅತಿ ಹೆಚ್ಚು, ಎಂದು ಟಿಕೆಟ್ ಮಾಡಿ ನೆಲಮಂಗಲದ ಹತ್ತಿರದ ನಮ್ಮ ಗೋಡೌನಿಗೆ ಕಳಿಸಿದ.

ಗೋಡೌನಿನ ಸೂಪರ್‌ವೈಸರು ಕರ್ತವ್ಯನಿಷ್ಠರು. ಅಂದೇ ಬೋನು ಇಡಿಸಿದರು. ಮೂರನೇ ದಿನ ಟಿಕೆಟ್ಟಿನಲ್ಲಿ ಬರೆದರು: ಎರಡು ಸಿಕ್ಕಿವೆ, ಫೋಟೊ ಲಗತ್ತಿಸಿದೆ, ಟಿಕೆಟ್ ಮುಚ್ಚಿದೆ. ಕಂಟ್ರಾಕ್ಟರಿಗೆ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂದು ಮೆಸೇಜು ಹೋಯಿತು. ಅವರು ಆ್ಯಪು ತೆರೆದರು. ಮತ್ತೆ ಫೋನು ಮಾಡಿದರು. “ಇನ್ನೂ ಇಲಿ ಅಲ್ಲೇ ಇದೆಯಲ್ಲಪ್ಪಾ.” ಟಿಕೆಟ್ ಮತ್ತೆ ತೆರೆಯಿತು. ಈ ಸಲ ಕೀಟನಾಶಕದವರಿಗೆ ವರ್ಷದ ಗುತ್ತಿಗೆ ಕೊಟ್ಟರು. ಕಂಟ್ರಾಕ್ಟರು ಮೂರನೇ ಸಲ ಫೋನು ಮಾಡಿ, ಕನ್ನಡ ಪೂರ್ತಿ ಬರುವ ಯಾರಾದರೂ ಇದ್ದರೆ ಕೊಡಿ ಎಂದಾಗ ಆ ಕರೆ ಕಟ್ಟಡವೆಲ್ಲ ಸುತ್ತಿ ನನ್ನ ಮೇಜಿಗೆ ಬಂತು.

“ಅಮ್ಮಾ, ಇಲಿ ಅಂದ್ರೆ ಇಲಿ ಅಲ್ಲ. ‘ಇಲ್ಲಿ ಒತ್ತಿ’ ಅಂತ ಇರಬೇಕಾದ ಕಡೆ ‘ಇಲಿ ಒತಿ’ ಅಂತ ಇದೆ. ನಾನು ಏನನ್ನ ಒತ್ತಬೇಕು ಹೇಳಿ.”

ಪರದೆಯ ಫೋಟೊ ತರಿಸಿಕೊಂಡೆ. ಗುಂಡಿಯ ತಳದಲ್ಲಿ ಒತ್ತಕ್ಷರಗಳೆಲ್ಲ ಕೊಯ್ದು ಹೋಗಿದ್ದವು. ಅದೊಂದೇ ಅಲ್ಲ. ಬೆಣ್ಣೆ ‘ಬೆಣೆ’ ಆಗಿತ್ತು, ಅರ್ಧ ಕೆ.ಜಿ. ಬೆಣೆ ತರಿಸಿ ಬಾಗಿಲಿಗೆ ಹೊಡೆದುಕೊಳ್ಳಬಹುದು. ಎಣ್ಣೆ ‘ಎಣೆ’. ಉಪ್ಪು ‘ಉಪು’. ಬೆಳ್ಳುಳ್ಳಿ ಎರಡೂ ಒತ್ತು ಕಳೆದುಕೊಂಡು ‘ಬೆಳುಳಿ’ ಎಂದು ಯಾವುದೋ ಊರಿನ ಹೆಸರಿನಂತೆ ಕೂತಿತ್ತು. ನಮ್ಮ ತಂಡದ ಧಾರವಾಡದ ಹುಡುಗ ಹಿಂದಿನಿಂದ ಇಣುಕಿ ನೋಡಿ, “ಮೇಡಂ, ಇಲ್ಲಿ ‘ಅಕಿ 5 ಕೆ.ಜಿ.’ ಅಂತ ಐತಿ. ಅಕಿ ಅಂದ್ರ ಯಾರ್ರಿ? ಐದು ಕೆಜಿ ಅಂದ್ರ ಎಳೀ ಕೂಸೇ ಇರಬೇಕ್ರಿ” ಎಂದ. ಅಕ್ಕಿಯ ಪುಟದಲ್ಲಿ ಅಕಿ ಹತ್ತು ಕೆ.ಜಿ., ಇಪ್ಪತ್ತೈದು ಕೆ.ಜಿ. ಎಂದು ಬೆಳೆಯುತ್ತಾ ಹೋಗಿದ್ದಳು.

ನಲವತ್ತು ಫೋನುಗಳ ಮೇಲೆ ಪ್ರತಿ ರಾತ್ರಿ ಓಡುತ್ತಿದ್ದ ಪರೀಕ್ಷೆಗೆ ಇದು ಯಾಕೆ ಕಾಣಲಿಲ್ಲ? ಹುಡುಕಿದಾಗ ನಾಲ್ಕು ದಿನ ನಿದ್ದೆ ಹೋಯಿತು, ಸಿಕ್ಕಾಗ ಇನ್ನೂ ನಾಲ್ಕು ದಿನ.

ಸ್ವಯಂಚಾಲಿತ ಪರೀಕ್ಷೆ ಪರದೆಯನ್ನು ನೋಡುವುದಿಲ್ಲ. ಪರದೆಯ ಹಿಂದೆ ಆ್ಯಪು ಬರೆದಿಟ್ಟ ಪಟ್ಟಿಯನ್ನು ಓದುತ್ತದೆ: ಇಲ್ಲೊಂದು ಗುಂಡಿ ಇದೆ, ಅದರ ಮೇಲಿನ ಬರಹ ‘ಇಲ್ಲಿ ಒತ್ತಿ’. ಪಟ್ಟಿಯಲ್ಲಿ ಒತ್ತುಗಳು ಪೂರ್ತಿ ಇದ್ದವು. ಕಾಗದದ ಮೇಲೆ ರಸ್ತೆ ಇದೆಯೆಂದು ಬಿಲ್ಲು ಪಾಸು ಮಾಡುವ ಇಂಜಿನಿಯರಿನಂತೆ ಅದು ಪ್ರತಿ ರಾತ್ರಿ ಹಸಿರು ಮೊಹರು ಒತ್ತುತ್ತಿತ್ತು. ಒತ್ತುಗಳು ಹಾರಿಹೋದದ್ದು ಬರೆಯುವಾಗಲ್ಲ, ಬಿಡಿಸುವಾಗ. ಗುಂಡಿಯ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿಯಾಗಿ ಕಟ್ಟಿದ್ದರು. ಇಂಗ್ಲಿಷಿನ ಅಕ್ಷರ ಎಂದರೆ ಒಂದಂಕಣದ ಮನೆ. ಜಿ, ವೈ ಮುಂತಾದ ಕೆಲವಕ್ಕೆ ಹಿಂದೆ ಸಣ್ಣ ಬಾಲವಿದೆ ಅಷ್ಟೆ. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು ಕಟ್ಟುವ ಮಹಡಿಯೂ ಬೇಕು, ಕೆಳಗೆ ಒತ್ತು ಇಡುವ ನೆಲಮಾಳಿಗೆಯೂ ಬೇಕು. ‘ರಾಷ್ಟ್ರ’ ಎಂದರೆ ನೆಲಮಾಳಿಗೆಯ ಕೆಳಗೂ ಇನ್ನೊಂದು. ಮಾಮೂಲು ಗಾತ್ರದಲ್ಲಿ ಹೇಗೋ ಮುದುಡಿಕೊಂಡು ಹಿಡಿಸುತ್ತಿದ್ದ ಒತ್ತುಗಳು, ಫೋನಿನಲ್ಲಿ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿದೊಡನೆ ಗುಂಡಿಯ ಹೊಸ್ತಿಲ ಕೆಳಗೆ ಹೋಗಿ ಕಾಣೆಯಾಗುತ್ತಿದ್ದವು.

ಕಂಟ್ರಾಕ್ಟರು ಗಾತ್ರವನ್ನು ಕೊನೆಯ ಮಟ್ಟಕ್ಕೆ ಏರಿಸಿಕೊಂಡಿದ್ದರು. ಒಲೆಯ ಮುಂದೆ ನಿಂತರೆ ಕನ್ನಡಕಕ್ಕೆ ಹಬೆ ಹಿಡಿಯುತ್ತದಂತೆ, ತೆಗೆದಿಟ್ಟರೆ ಕಾಣುವುದಿಲ್ಲವಂತೆ. ನನ್ನ ನಲವತ್ತು ಬಾಡಿಗೆ ಫೋನುಗಳಲ್ಲಿ ಒಂದಕ್ಕೂ ಹಬೆ ಹಿಡಿದಿರಲಿಲ್ಲ. ಪ್ರತಿಯೊಂದೂ ಆಗಷ್ಟೇ ಮಿಂದು ಬಂದ ಮಡಿಯ ಫೋನು: ಅಕ್ಷರ ಮಧ್ಯಮ ಗಾತ್ರ, ಚಾರ್ಜು ತುಂಬಿದೆ, ಮೆಮೊರಿ ಖಾಲಿ, ಗುಡ್ ಮಾರ್ನಿಂಗ್ ಚಿತ್ರ ಒಂದೂ ಇಲ್ಲ. ನಿಜ ಹೇಳಬೇಕೆಂದರೆ ಗಾತ್ರ ದೊಡ್ಡದು ಮಾಡುವ ಸೌಕರ್ಯ ಆ ಸೇವೆಯಲ್ಲಿ ಇದ್ದೇ ಇತ್ತು. ನಮಗೆ ಹೊಳೆಯಲಿಲ್ಲ. ನಮ್ಮ ತಂಡದ ಸರಾಸರಿ ವಯಸ್ಸು ಇಪ್ಪತ್ತಾರು. ಅದನ್ನು ಇಪ್ಪತ್ತನಾಲ್ಕಕ್ಕೆ ಇಳಿಯದಂತೆ ತಡೆದು ಹಿಡಿದವಳು ನಾನು, ನಾನೂ ಚಾಳೀಸು ಬಂದದ್ದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನೊಂದು ವಿವರ. ಆ ಪುಟಗಳನ್ನು ಕಟ್ಟಿದ ಡೆವಲಪರಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ಶ್ರದ್ಧೆಯಿಂದ ಗಾತ್ರ ಹಿಗ್ಗಿಸಿ ಕುಗ್ಗಿಸಿ ನೋಡಿದ್ದನಂತೆ. ಯಾವ ಪದಗಳಿಂದ ಎಂದು ಕೇಳಿದೆ. ತೋರಿಸಿದ: ಹಾಲು, ಮೊಸರು, ಬೇಳೆ, ತರಕಾರಿ. ಕನ್ನಡಿಗರ ಅಡುಗೆಮನೆಯಲ್ಲಿ ಒತ್ತಿಲ್ಲದ ನಾಲ್ಕು ಸಾಮಾನನ್ನು ಇಷ್ಟು ನಿಖರವಾಗಿ ಆರಿಸುವುದು ಗೊತ್ತಿದ್ದವರಿಂದಲೂ ಸಾಧ್ಯವಿಲ್ಲ. ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ, ಸಕ್ಕರೆ, ಸೊಪ್ಪು, ಹಣ್ಣು, ಈರುಳ್ಳಿ, ಒಗ್ಗರಣೆ ಎಲ್ಲ ಬಿಟ್ಟು, ಮಗುವಿಗೆ ಅನ್ನಪ್ರಾಶನದ ಮೊದಲು ಕೊಡುವ ಆಹಾರದಲ್ಲಿ ಪರೀಕ್ಷೆ ಮುಗಿಸಿದ್ದ.

ಒತ್ತಕ್ಷರ ದೊಡ್ಡದೊಡ್ಡವರನ್ನೇ ಕೆಡವಿದೆ ಎಂದು ನಾನು ಅವನಿಗೆ ಸಮಾಧಾನ ಹೇಳಿದೆ. 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಒಂದಕ್ಷರ ಐಫೋನುಗಳನ್ನು ಮಲಗಿಸಿತ್ತು. ಅದರೊಳಗೆ ಕಣ್ಣಿಗೆ ಕಾಣದ ಇನ್ನೊಂದು ಸಂಕೇತವೂ ಸೇರಿಕೊಂಡಿತ್ತು. ಅದನ್ನು ಯಾರಾದರೂ ಮೆಸೇಜು ಮಾಡಿದರೆ, ಪರದೆಯ ಮೇಲೆ ಬಿಡಿಸಲು ಹೋದ ಆ್ಯಪು ಅಲ್ಲೇ ಕುಸಿಯುತ್ತಿತ್ತು. ತೆರೆದರೆ ಮತ್ತೆ ಕುಸಿಯುತ್ತಿತ್ತು. ಕಂಪನಿ ಅದಕ್ಕೆಂದೇ 11.2.6 ಎಂಬ ಆವೃತ್ತಿ ಬಿಡಬೇಕಾಯಿತು. ಜ್ಞಾನದ ಮೊದಲಕ್ಷರಕ್ಕೇ ಮೂರ್ಛೆ ಹೋದ ಜಾಣ ಫೋನು! ಅವರಲ್ಲಿ ಪರೀಕ್ಷೆ ಮಾಡುವವರು ಎಷ್ಟು ಜನರಿರಬಹುದೆಂದು ಯೋಚಿಸಿದರೆ ನಮ್ಮ ಇಲಿ ಸಣ್ಣದಾಗಿ ಕಾಣುತ್ತದೆ.

ದುರಸ್ತಿಗೆ ಎರಡು ಗಂಟೆ ಹಿಡಿಯಿತು. ಕಷ್ಟ ಬಂದದ್ದು ಆಮೇಲೆ. ಇಂಥದ್ದು ಮತ್ತೆ ಆಗಬಾರದೆಂದು, ಪರದೆಯ ಚಿತ್ರ ತೆಗೆದು ಹಿಂದಿನ ಚಿತ್ರದ ಜೊತೆ ಹೋಲಿಸುವ ಸಾಧನವನ್ನೂ ಚಂದಾಕ್ಕೆ ಸೇರಿಸಿದ್ದೆವು. ಅದು ಮೊದಲ ಸಲ ತೆಗೆದ ಚಿತ್ರವನ್ನೇ ಮಾದರಿ ಎಂದು ಇಟ್ಟುಕೊಳ್ಳುತ್ತದೆ. ನಮ್ಮ ಉತ್ಸಾಹಿ ಹುಡುಗರು ಅದನ್ನು ದುರಸ್ತಿಗೆ ಹಿಂದಿನ ದಿನ ಓಡಿಸಿದ್ದರು. ಮರುದಿನ ಒತ್ತುಗಳೆಲ್ಲ ಮನೆಗೆ ಮರಳಿದವು. ಸಾಧನ ಬೊಬ್ಬೆ ಹೊಡೆಯಿತು. ಪುಟಪುಟದಲ್ಲೂ ಕೆಂಪು ಚೌಕ. ಬೆಣ್ಣೆಯ ಕೆಳಗೆ, ಎಣ್ಣೆಯ ಕೆಳಗೆ, ಬೆಳ್ಳುಳ್ಳಿಗೆ ಎರಡು. ಕಾಪಿ ಪುಸ್ತಕದಲ್ಲಿ ಮಗು ಸರಿಯಾಗಿ ಬರೆದ ಪ್ರತಿ ಒತ್ತಿಗೂ ಮೇಷ್ಟ್ರು ಕೆಂಪು ಇಂಕಿನಲ್ಲಿ ಸುತ್ತು ಹಾಕಿದ ಹಾಗೆ ಇತ್ತು. ಒಂದೊಂದಾಗಿ, ಇದು ತಪ್ಪಲ್ಲ, ಇದು ತಪ್ಪಲ್ಲ ಎಂದು ಒಪ್ಪಿಗೆ ಒತ್ತುತ್ತಾ ಹೋಗಲು ನನಗೆ ಒಂದು ಶುಕ್ರವಾರ ಪೂರ್ತಿ ಬೇಕಾಯಿತು.

ಕಂಟ್ರಾಕ್ಟರಿಗೆ ಫೋನು ಮಾಡಿ ಈಗ ನೋಡಿ ಎಂದೆ. “ಸರಿಹೋಗಿದೆ. ಆದರೆ ಅಮ್ಮಾ, ಈ ಬೆಣ್ಣೆ ರೇಟು ಯಾಕೆ ಇಷ್ಟಾಯ್ತು?” ಎಂದರು. ಅದು ನನ್ನ ವಿಭಾಗವಲ್ಲ ಎಂದು ವಿನಯದಿಂದ ಹೇಳಿದೆ.

ಇಲಿಯ ಟಿಕೆಟ್ ಮಾತ್ರ ಈಗಲೂ ತೆರೆದೇ ಇದೆ. ಅದು ನನ್ನ ಹೆಸರಿಗೆ ವರ್ಗವಾಗಿದೆ. ಗೋಡೌನಿನವರ ಹೆಸರನ್ನು ಅದರಿಂದ ತೆಗೆಯಲು ಬರುವುದಿಲ್ಲ, ಕೀಟನಾಶಕದ ವರ್ಷದ ಗುತ್ತಿಗೆ ಅದೇ ನಂಬರಿನ ಮೇಲೆ ನಡೆಯುತ್ತಿದೆ. ಮುಚ್ಚಲು ಹೋದರೆ ಕಾರಣ ಕೇಳುತ್ತದೆ, ಕೊಟ್ಟಿರುವ ಕಾರಣಗಳಲ್ಲಿ ಯಾವುದೂ ಹೊಂದುವುದಿಲ್ಲ. ಹಾಗಾಗಿ ತಿಂಗಳ ಮೊದಲ ವಾರ ನೆಲಮಂಗಲದಿಂದ ನನಗೊಂದು ವರದಿ ಬರುತ್ತದೆ. ‘ಮೇಡಂ, ಈ ಸಲ ಮೂರು’, ಕೆಳಗೆ ಫೋಟೊ. ನಾನು ಧನ್ಯವಾದ ಎಂದು ಬರೆಯುತ್ತೇನೆ. ಹೋದ ತಿಂಗಳು ಒಂದೂ ಸಿಕ್ಕಲಿಲ್ಲವಂತೆ. ‘ಸಾರಿ ಮೇಡಂ’ ಎಂದು ಬರೆದಿದ್ದರು.